ಸೀಮೋನನಿಗೆ ಹಮಾಲಿ ಕೊಟ್ಟವರು ಯಾರು?

ಈಸ್ಟರ್‌ಗೆ ಮುಂಚಿನ ಉಪವಾಸದ ದಿನಗಳು, ಅಂದರೆ ನಮ್ಮ ತಪಸ್ಸುಕಾಲ, ಶುರುವಾಗುವ ಬೂದಿ ಬುಧವಾರ ಹತ್ತಿರ ಬಂತು ಅಂದರೆ ನಮ್ಮ ಚರ್ಚಿನ ಅಂಗಳದಲ್ಲಿ ಒಂದೇ ಮಾತು. ‘ಈ ಸಲ ಏನು ಬಿಡ್ತೀಯ?’ ಒಬ್ಬರು ಮಾಂಸ ಬಿಡುತ್ತಾರೆ, ಒಬ್ಬರು ಸಿಹಿ ಬಿಡುತ್ತಾರೆ, ಇನ್ನೊಬ್ಬರು ಧಾರಾವಾಹಿ. ನಾನು ಮದುವೆಯಾದಾಗಿನಿಂದ ಟೀ ಬಿಡುತ್ತಿದ್ದೆ. ದಾವಣಗೆರೆಯಲ್ಲಿದ್ದುಕೊಂಡು ಟೀ ಬಿಡುವುದು ಸಣ್ಣ ಮಾತಲ್ಲ. ಸಂಜೆ ಮಂಡಕ್ಕಿ ಮಿರ್ಚಿ ತಿಂದ ಬಾಯಿ ಟೀ ಕೇಳಿಯೇ ಕೇಳುತ್ತದೆ. ಬೂದಿ ಬುಧವಾರದಿಂದ ಈಸ್ಟರ್ ಹಿಂದಿನ ದಿನದವರೆಗೆ ಎಣಿಸಿದರೆ 46 ದಿನ. ಅದರಲ್ಲಿ ಆರು ಭಾನುವಾರ ಕಳೆದರೆ 40. ಭಾನುವಾರ ಉಪವಾಸದ ಲೆಕ್ಕಕ್ಕಿಲ್ಲ. ಆದರೂ ನಾನು ಭಾನುವಾರ ಕೂಡ ಕುಡಿಯುತ್ತಿರಲಿಲ್ಲ. ಅತ್ತೆ ಲೋಟ ಹಿಡಿದುಕೊಂಡು ಬಂದು, ‘ದೇವರೇ ಭಾನುವಾರ ಬಿಟ್ಟುಕೊಟ್ಟಿದ್ದಾನೆ, ನೀನೇನು ದೇವರಿಗಿಂತ ಹೆಚ್ಚೇನೆ?’ ಅನ್ನುತ್ತಿದ್ದರು. ನಾನು ಉತ್ತರ ಕೊಡುತ್ತಿರಲಿಲ್ಲ.

ಈಸ್ಟರ್ ಬೆಳಿಗ್ಗೆ ಪೂಜೆ ಮುಗಿಸಿ ಬಂದು ಮೊದಲ ಲೋಟ ಕುಡಿಯುವಾಗ ಏನೋ ಗೆದ್ದ ಹಾಗೆ ಅನ್ನಿಸುತ್ತಿತ್ತು. ಹೋಗ್ತಾ ಹೋಗ್ತಾ ಆ ಗೆದ್ದ ಖುಷಿಯೇ ನನ್ನನ್ನು ಚುಚ್ಚತೊಡಗಿತು. ನಾನೇ ಆರಿಸಿಕೊಂಡ ಭಾರ ಅದು. ನನಗೆ ಎಷ್ಟು ಆಗುತ್ತದೋ ಅಷ್ಟೇ ಭಾರ. ಇಳಿಸುವ ದಿನ ಕ್ಯಾಲೆಂಡರಿನಲ್ಲಿ ಮೊದಲೇ ಅಚ್ಚಾಗಿದೆ. ಇದನ್ನು ಹೊತ್ತು ನಾನು ಯೇಸುಸ್ವಾಮಿಯ ಹತ್ತಿರಕ್ಕೆ ಒಂದು ಹೆಜ್ಜೆಯಾದರೂ ಹೋದೆನಾ? ಹಾಗೆ ಕೇಳಿಕೊಂಡಾಗೆಲ್ಲ ಅಪ್ಪನ ಒಂದು ಮಾತು ನೆನಪಾಗುತ್ತಿತ್ತು.

ಐದನೇ ಸ್ಥಳ

ಅಪ್ಪ ದಾವಣಗೆರೆಯ ಎಪಿಎಂಸಿ ಯಾರ್ಡಿನಲ್ಲಿ ಹಮಾಲರಾಗಿದ್ದರು. ಆಗ ಕ್ವಿಂಟಾಲ್ ಚೀಲಗಳ ಕಾಲ. ಮೆಕ್ಕೆಜೋಳದ ಸುಗ್ಗಿಯಲ್ಲಿ ಬೆಳಗ್ಗೆಯಿಂದ ಲಾರಿಗೆ ಹೇರಿ, ಲಾರಿಯಿಂದ ಇಳಿಸಿ, ರಾತ್ರಿ ಮನೆಗೆ ಬಂದರೆ ಅವರ ಅಂಗಿ ತನ್ನಷ್ಟಕ್ಕೆ ನಿಲ್ಲುವಷ್ಟು ಬೆವರು ಕಟ್ಟಿರುತ್ತಿತ್ತು. ಕುತ್ತಿಗೆಯ ಹಿಂದೆ, ಬೆನ್ನು ಶುರುವಾಗುವ ಜಾಗದಲ್ಲಿ, ಒಂದು ಗಟ್ಟಿ ಗಂಟು ಇತ್ತು. ಚಿಕ್ಕವಳಿದ್ದಾಗ ಅವರ ಬೆನ್ನಿಗೆ ಎಣ್ಣೆ ಹಚ್ಚುವ ಕೆಲಸ ನನ್ನದು. ಆ ಗಂಟಿನ ಮೇಲೆ ಚರ್ಮ ದಪ್ಪಗೆ, ನುಣ್ಣಗೆ, ಹಳೇ ಚಪ್ಪಲಿಯ ಅಟ್ಟೆಯ ಹಾಗಿತ್ತು. ಅಲ್ಲಿ ಚಿವುಟಿದರೆ ಅಪ್ಪನಿಗೆ ಗೊತ್ತೇ ಆಗುತ್ತಿರಲಿಲ್ಲ.

ತಪಸ್ಸುಕಾಲದ ಶುಕ್ರವಾರಗಳಲ್ಲಿ ಅಪ್ಪ ಬೇಗ ಬರುತ್ತಿದ್ದರು. ಹಿತ್ತಲ ನಲ್ಲಿಯಲ್ಲಿ ಮೈ ತೊಳೆದು, ಬಿಳಿ ಅಂಗಿ ಹಾಕಿ, ನನ್ನನ್ನು ಕರೆದುಕೊಂಡು ಶಿಲುಬೆಹಾದಿಗೆ ಹೊರಡುತ್ತಿದ್ದರು. ಎಷ್ಟು ತೊಳೆದರೂ ಕಿವಿಯ ಮಡಿಕೆಯಲ್ಲಿ ಜೋಳದ ಧೂಳು ಉಳಿದಿರುತ್ತಿತ್ತು. ಶಿಲುಬೆಹಾದಿ ಗೊತ್ತಲ್ಲ, ಯೇಸು ಶಿಲುಬೆ ಹೊತ್ತು ಸಾವಿಗೆ ನಡೆದ ದಾರಿಯನ್ನು ನೆನೆಯುವ ಪ್ರಾರ್ಥನೆ. ಹದಿನಾಲ್ಕು ಸ್ಥಳ, ಹದಿನಾಲ್ಕು ಚಿತ್ರ. ಒಂದೊಂದರ ಮುಂದೆ ನಿಂತು, ಮಂಡಿಯೂರಿ, ಎದ್ದು ಮುಂದಕ್ಕೆ. ಐದನೇ ಸ್ಥಳದಲ್ಲಿ ಸಿರೇನ್ ಊರಿನ ಸೀಮೋನ ಶಿಲುಬೆಗೆ ಹೆಗಲು ಕೊಡುತ್ತಾನೆ. ನನಗಾಗ ಹತ್ತು ವರ್ಷ ಇರಬೇಕು. ಧರ್ಮೋಪದೇಶದ ಕ್ಲಾಸಿನಲ್ಲಿ ಸಿಸ್ಟರ್ ಒಬ್ಬರು, ಸೀಮೋನ ಸಂತೋಷದಿಂದ ಶಿಲುಬೆ ಹೊತ್ತ, ನಾವೂ ಹಾಗೆ ಹೊರಬೇಕು ಎಂದು ಹೇಳಿಕೊಟ್ಟಿದ್ದರು. ಮನೆಗೆ ಬರುವ ದಾರಿಯಲ್ಲಿ ಅದನ್ನು ಅಪ್ಪನಿಗೆ ಒಪ್ಪಿಸಿದೆ. ಅಪ್ಪ ನಡೆಯುತ್ತಿದ್ದವರು ನಿಂತುಬಿಟ್ಟರು.

‘ಸಂತೋಷದಿಂದ ಅಂತ ಯಾರು ಹೇಳಿದ್ದು? ಹಿಡಕಂಡು ಹೊರಿಸಿದ್ರು. ನಿಮ್ಮ ತಾತನ್ನ ಕರೆದಂಗೆ ಕರೆದ್ರು. ಅವನಿಗೆ ಹಮಾಲಿ ಯಾರು ಕೊಟ್ರವ್ವ?’

ಹಮಾಲಿ ಅಂದರೆ ಯಾರ್ಡಿನಲ್ಲಿ ಹೊರುವ ಕೆಲಸವೂ ಹೌದು, ಹೊತ್ತದ್ದಕ್ಕೆ ಕೊಡುವ ಕೂಲಿಯೂ ಹೌದು. ಚೀಲಕ್ಕೆ ಇಷ್ಟು ಅಂತ. ಅಪ್ಪನ ಪ್ರಶ್ನೆ ಕೂಲಿಯದು. ಆ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಅವರೂ ಉತ್ತರಕ್ಕೆ ಕಾಯಲಿಲ್ಲ.

ಬಿಟ್ಟಿ ಅನ್ನುವ ಮಾತು

ದೊಡ್ಡವಳಾದ ಮೇಲೆ ಹಳೆಯ ಕನ್ನಡ ಸತ್ಯವೇದ, ಅಂದರೆ ಬೈಬಲ್, ತೆಗೆದು ನೋಡಿದೆ. ಯೇಸುವಿನ ಕಥೆ ಬರೆದ ನಾಲ್ವರಲ್ಲಿ ಮತ್ತಾಯ, ಮಾರ್ಕ, ಲೂಕ ಮೂವರಲ್ಲೂ ಸೀಮೋನನ ಪ್ರಸಂಗ ಇದೆ. ಯೋಹಾನನಲ್ಲಿ ಇಲ್ಲ, ಅಲ್ಲಿ ಯೇಸು ತನ್ನ ಶಿಲುಬೆಯನ್ನು ತಾನೇ ಹೊತ್ತು ನಡೆಯುತ್ತಾನೆ. ಮತ್ತಾಯನ ಕನ್ನಡದಲ್ಲಿ ಸೀಮೋನನನ್ನು ‘ಬಿಟ್ಟೀ ಹಿಡಿದರು’ ಎಂದಿದೆ. ಓದಿ ಮೈ ಜುಮ್ಮೆಂದಿತು. ಆ ಅನುವಾದಕರು ಎಂಥ ಮಾತು ಹುಡುಕಿದ್ದಾರೆ! ಗ್ರೀಕಿನಲ್ಲಿರುವ ಕ್ರಿಯಾಪದವೂ ಅಂಥದ್ದೇ. ಪರ್ಷಿಯಾದ ಅರಸರ ಅಂಚೆ ಸವಾರರಿಂದ ಬಂದ ಮಾತಂತೆ. ದಾರಿಯಲ್ಲಿ ಸಿಕ್ಕವರನ್ನು, ಅವರ ಕುದುರೆಯನ್ನು, ಅವರ ದುಡಿಮೆಯನ್ನು ಸರ್ಕಾರಿ ಕೆಲಸಕ್ಕೆ ಎಳೆದುಕೊಳ್ಳುವ ಅಧಿಕಾರ. ರೋಮಿನ ಸಿಪಾಯಿಗಳಿಗೂ ಆ ಅಧಿಕಾರ ಇತ್ತು. ಒಬ್ಬನು ಒಂದು ಮೈಲು ಬಾ ಎಂದು ಒತ್ತಾಯ ಮಾಡಿದರೆ ಎರಡು ಮೈಲು ಹೋಗು ಎಂದು ಯೇಸು ಬೆಟ್ಟದ ಮೇಲೆ ಹೇಳಿದನಲ್ಲ, ಅಲ್ಲಿರುವುದೂ ಇದೇ ಕ್ರಿಯಾಪದ.

ನಮ್ಮ ತಾತ ಜಗಳೂರು ಕಡೆಯ ಹಳ್ಳಿಯವರು. ಊರ ದೊಡ್ಡವರ ಮನೆಯಲ್ಲಿ ಮದುವೆಯಿದ್ದರೆ, ಮನೆ ಕಟ್ಟಿಸಿದರೆ, ಸೌದೆ ಒಡೆಯಬೇಕಾದರೆ, ಹೇಳಿಕಳಿಸುತ್ತಿದ್ದರು. ತನ್ನ ಹೊಲದಲ್ಲಿ ಬಿತ್ತನೆ ನಡೆದಿದ್ದರೂ ಬಿಟ್ಟು ಹೋಗಬೇಕು. ಅದು ಬಿಟ್ಟಿ. ಸಂವಿಧಾನದ 23ನೇ ವಿಧಿ ಬಿಟ್ಟಿ ದುಡಿಮೆಯನ್ನು ನಿಷೇಧಿಸಿತು. 1976ರಲ್ಲಿ ಜೀತ ರದ್ದತಿ ಕಾಯ್ದೆಯೂ ಬಂತು. ತಾತನ ಮೈಯಲ್ಲಿ ಮಾತ್ರ ಆ ಕರೆ ಕೊನೆಯವರೆಗೂ ಉಳಿದಿತ್ತು. ಬಾಗಿಲಲ್ಲಿ ಯಾರಾದರೂ ಗಟ್ಟಿಯಾಗಿ ಕೂಗಿದರೆ ಟವೆಲ್ ಕೊಡವಿಕೊಂಡು ಎದ್ದುಬಿಡುತ್ತಿದ್ದರು ಎಂದು ಅಪ್ಪ ಹೇಳುತ್ತಿದ್ದರು.

ಸೀಮೋನನೂ ಹೊಲದ ಕಡೆಯಿಂದ ಬರುತ್ತಿದ್ದ ಎಂದು ಮಾರ್ಕ ಬರೆಯುತ್ತಾನೆ. ಸಿರೇನ್ ಇರುವುದು ಈಗಿನ ಲಿಬಿಯಾದಲ್ಲಿ. ಅಷ್ಟು ದೂರದ ಊರಿನವನು. ಅವನಿಗೆ ಯೇಸು ಯಾರೆಂದು ಗೊತ್ತಿತ್ತೋ ಇಲ್ಲವೋ, ಯಾರೂ ಬರೆದಿಲ್ಲ. ಅಯ್ಯೋ ಪಾಪ ಅಂದನೆಂದೂ ಬರೆದಿಲ್ಲ. ಸಿಪಾಯಿಯ ಕೈ ಅವನ ಹೆಗಲ ಮೇಲೆ ಬಿತ್ತು, ಅಷ್ಟೇ. ಲೂಕ ಒಂದು ಮಾತು ಸೇರಿಸುತ್ತಾನೆ: ಯೇಸುವಿನ ಹಿಂದೆ ಹೊರುವಂತೆ ಮಾಡಿದರು. ಅಂದರೆ ದಾರಿಯುದ್ದಕ್ಕೂ ಅವನಿಗೆ ಕಂಡದ್ದು ಯೇಸುವಿನ ಬೆನ್ನು. ಚಾಟಿಯೇಟು ತಿಂದ ಬೆನ್ನು.

ಮೂಳೆ ವಾರ್ಡು

2025ರ ಬೂದಿ ಬುಧವಾರ ಮಾರ್ಚ್ 5ಕ್ಕೆ ಬಿತ್ತು. ಆ ಸಲ ಟೀ ಜೊತೆಗೆ ಮೊಬೈಲನ್ನೂ ಬಿಡುವುದು ಎಂದು ಡೈರಿಯಲ್ಲಿ ಬರೆದಿದ್ದೆ. ಎರಡನೇ ಶುಕ್ರವಾರ ಬೆಳಗಿನ ಜಾವ ಅತ್ತೆ ಬಚ್ಚಲಲ್ಲಿ ಬಿದ್ದರು. ಸೊಂಟದ ಮೂಳೆ ಮುರಿದಿತ್ತು. ಆಪರೇಷನ್ ಆಗಬೇಕು, ಆಮೇಲೆ ಎರಡು ಮೂರು ತಿಂಗಳು ಒಬ್ಬರು ಜೊತೆಗೇ ಇರಬೇಕು ಅಂದರು ಡಾಕ್ಟರು. ನಮ್ಮ ಯಜಮಾನರ ಕೆಲಸ ಬೆಂಗಳೂರಿನಲ್ಲಿ, ಶನಿವಾರ ರಾತ್ರಿ ಬಂದು ಭಾನುವಾರ ರಾತ್ರಿ ಹೋಗುವವರು. ಶಿವಮೊಗ್ಗದ ನಾದಿನಿಯ ಮಗಳಿಗೆ ಎಸ್ಸೆಸ್ಸೆಲ್ಸಿ ಪರೀಕ್ಷೆ. ಮೈದುನ ದೂರ. ಎಲ್ಲರೂ ಫೋನಿನಲ್ಲಿ ಮಾತಾಡಿಕೊಂಡರು. ಕೊನೆಗೆ ಎಲ್ಲರ ಮಾತೂ ನನ್ನ ಮೇಲೆ ಬಂದು ನಿಂತಿತು. ನನ್ನನ್ನು ಯಾರೂ ಕೇಳಲಿಲ್ಲ. ಕೇಳುವ ಅಗತ್ಯ ಇದೆ ಅಂತಲೂ ಯಾರಿಗೂ ಅನ್ನಿಸಲಿಲ್ಲ. ಶಾಲೆಗೆ ಸಂಬಳವಿಲ್ಲದ ರಜೆ ಹಾಕಿದೆ.

ನನಗೂ ಅತ್ತೆಗೂ ಹೊಂದಾಣಿಕೆ ಕಡಿಮೆ. ಜಗಳ ಅಂತಲ್ಲ, ಒಬ್ಬರ ಹತ್ತಿರ ಒಬ್ಬರು ಬೆಚ್ಚಗಾಗಲೇ ಇಲ್ಲ. ಅವರು ಗಟ್ಟಿ ಹೆಂಗಸು. ಎಪ್ಪತ್ತು ದಾಟಿದ ಮೇಲೂ ಪ್ರತಿ ಸೆಪ್ಟೆಂಬರ್‌ನಲ್ಲಿ ಹರಿಹರದ ಆರೋಗ್ಯಮಾತೆಯ ಹಬ್ಬಕ್ಕೆ ದಾವಣಗೆರೆಯಿಂದ ನಡೆದೇ ಹೋಗುತ್ತಿದ್ದವರು. ಅಂಥವರು ಈಗ ಕಬ್ಬಿಣದ ಮಂಚದ ಮೇಲೆ, ಛಾವಣಿ ನೋಡುತ್ತಾ. ಕೆಳಗೆ ಚಾಪೆಯ ಮೇಲೆ ನಾನು. ಮೊದಲ ವಾರ ನನ್ನೊಳಗೆ ಇದ್ದದ್ದು ಬರೀ ಸಿಟ್ಟು. ಟೀ ದಿನಕ್ಕೆ ಐದು ಸಲ ಕುಡಿದೆ. ಮೊಬೈಲ್ ಕೈಯಿಂದ ಇಳಿಯಲಿಲ್ಲ. ಶಿಲುಬೆಹಾದಿ ಇಲ್ಲ, ಪೂಜೆ ಇಲ್ಲ. ನನ್ನ ತಪಸ್ಸುಕಾಲ ಹಾಳಾಯಿತು ಎಂದು ಒಂದು ರಾತ್ರಿ ಕಾರಿಡಾರಿನಲ್ಲಿ ಕೂತು ಅತ್ತುಬಿಟ್ಟೆ. ಅತ್ತಿದ್ದು ಅತ್ತೆಗಾಗಿ ಅಲ್ಲವೇ ಅಲ್ಲ. ಈಗ ಬರೆಯುವಾಗಲೂ ಅದು ನೋಯುತ್ತದೆ.

ಪಕ್ಕದ ಮಂಚದ ಅಜ್ಜಿಯನ್ನು ನೋಡಿಕೊಳ್ಳಲು ಹಳೇ ದಾವಣಗೆರೆ ಕಡೆಯ ಅವರ ಮಗಳು ಬಂದಿದ್ದಳು. ರಂಜಾನ್ ನಡೆಯುತ್ತಿತ್ತು. ಹಗಲೆಲ್ಲ ಒಂದು ಹನಿ ನೀರಿಲ್ಲದೆ ಓಡಾಡುತ್ತಿದ್ದಳು. ಸಂಜೆ ಆಜಾನ್ ಕೇಳಿದ ಮೇಲೆ ಖರ್ಜೂರದ ಡಬ್ಬಿ ತೆಗೆದು ಮೊದಲು ನನ್ನ ಕಡೆ ಚಾಚುತ್ತಿದ್ದಳು. ‘ನಿಮ್ಮಲ್ಲೂ ಈಗ ಉಪವಾಸ ಅಲ್ವಾ ಅಕ್ಕಾ?’ ಅಂತ ಒಂದು ದಿನ ಕೇಳಿದಳು. ಹೌದು, ಆದ್ರೆ ಈ ಸಲ ನನಗೆ ಆಗಲಿಲ್ಲ ಅಂದೆ. ‘ನಮ್ಮಲ್ಲಿ ಕಾಯಿಲೆಯವರಿಗೆ, ಪ್ರಯಾಣದಲ್ಲಿರೋರಿಗೆ ಮಾಫಿ ಇದೆ. ಆಮೇಲೆ ಅಷ್ಟು ದಿನ ಇಟ್ಟು ತೀರಿಸಬೇಕು’ ಅಂದಳು. ತೀರಿಸಬೇಕು ಅನ್ನುವ ಮಾತು ನನ್ನ ತಲೆಯಲ್ಲಿ ಕೂತಿತು.

ಬೂದಿ ಬುಧವಾರ ಆದ ಮೇಲಿನ ಶುಕ್ರವಾರ ಪೂಜೆಯಲ್ಲಿ ಬೈಬಲಿನ ಪ್ರವಾದಿ ಯೆಶಾಯನ 58ನೇ ಅಧ್ಯಾಯ ಓದುತ್ತಾರೆ. ನನಗೆ ಬೇಕಾದ ಉಪವಾಸ ಯಾವುದು ಗೊತ್ತಾ ಅಂತ ದೇವರೇ ಕೇಳುವ ಅಧ್ಯಾಯ. ಹಸಿದವರಿಗೆ ಅನ್ನ ಹಂಚುವುದು, ನೆಲೆಯಿಲ್ಲದವರನ್ನು ಮನೆಗೆ ಕರೆಯುವುದು, ಬಟ್ಟೆಯಿಲ್ಲದವರಿಗೆ ಹೊದಿಸುವುದು. ಇದಿಷ್ಟು ನನಗೆ ಬಾಯಿಪಾಠ. ಅದೇ ವಾಕ್ಯದ ಕೊನೆಯಲ್ಲಿ ಇನ್ನೊಂದಿದೆ, ಅದರ ಮೇಲೆ ನನ್ನ ಕಣ್ಣು ಎಂದೂ ನಿಂತಿರಲಿಲ್ಲ: ನಿನ್ನ ಸ್ವಂತದವರಿಂದ ಮುಖ ತಪ್ಪಿಸಿಕೊಳ್ಳದಿರುವುದು. ವಾರ್ಡಿನ ಮಂದ ದೀಪದಲ್ಲಿ ಮೊಬೈಲಿನಲ್ಲೇ ಅದನ್ನು ಓದಿದೆ. ಮೊಬೈಲ್ ಬಿಟ್ಟಿದ್ದರೆ ಅಂದು ಅದನ್ನು ಓದುತ್ತಿರಲಿಲ್ಲ.

ಇಲ್ಲೊಂದು ಮಾತು ಹೇಳಲೇಬೇಕು

‘ಇದು ನಿನ್ನ ಶಿಲುಬೆ, ಹೊರಬೇಕು ಕಣಮ್ಮ’ ಎಂದು ನಮ್ಮಲ್ಲಿ ಬಹಳ ಸುಲಭವಾಗಿ ಹೇಳಿಬಿಡುತ್ತಾರೆ. ಕುಡಿದು ಬಂದು ಹೊಡೆಯುವ ಗಂಡನ ಬಗ್ಗೆ ಹೇಳಿಕೊಂಡ ಹೆಂಗಸಿಗೆ ಹಾಗೆ ಹೇಳಿದ್ದನ್ನು ನಾನು ಕಿವಿಯಾರೆ ಕೇಳಿದ್ದೇನೆ. ಅದು ತಪ್ಪು. ಬಿಟ್ಟಿ ಹಿಡಿಸಿಕೊಂಡವನ ಕಥೆಯಲ್ಲಿ ಬಿಟ್ಟಿ ಹಿಡಿದವನು ಒಬ್ಬ ಇರುತ್ತಾನೆ, ಅವನು ರೋಮಿನ ಸಿಪಾಯಿ, ದೇವರಲ್ಲ. ಭಾರವಾದ ಹೊರೆ ಕಟ್ಟಿ ಜನರ ಹೆಗಲ ಮೇಲೆ ಹೊರಿಸಿ, ತಾವು ಬೆರಳನ್ನೂ ಸೋಕಿಸದವರನ್ನು ಯೇಸು ಹೆಸರು ಹಿಡಿದು ಬೈದಿದ್ದಾನೆ, ಮತ್ತಾಯನ 23ನೇ ಅಧ್ಯಾಯದಲ್ಲಿ. ನಿನ್ನ ಶಿಲುಬೆ ಎತ್ತಿಕೋ ಅಂದವನು, ಇನ್ನೊಬ್ಬರಿಗೆ ಹೊರಿಸು ಅಂತ ಎಲ್ಲೂ ಹೇಳಲಿಲ್ಲ. ಯೆಶಾಯನ ಅದೇ ಅಧ್ಯಾಯ ನೊಗ ಮುರಿಯುವುದನ್ನೂ ಉಪವಾಸ ಅನ್ನುತ್ತದೆ. ಕಟ್ಟಿದ್ದನ್ನು ಬಿಚ್ಚುವುದು ಮೊದಲು, ಸ್ವಂತದವರಿಂದ ಮುಖ ತಪ್ಪಿಸಿಕೊಳ್ಳದಿರುವುದು ಆಮೇಲೆ. ಎರಡೂ ಒಂದೇ ಉಸಿರಿನಲ್ಲಿ. ನಮ್ಮ ತಾತನ ಬಿಟ್ಟಿಯನ್ನು ಯಾರಾದರೂ ಪುಣ್ಯದ ಕೆಲಸ ಅಂದರೆ ನಾನು ಒಪ್ಪುವುದಿಲ್ಲ.

ಹಾಗಾಗಿಯೇ ನಮ್ಮ ಯಜಮಾನರಿಗೂ ನಾದಿನಿಗೂ ಒಂದು ಭಾನುವಾರ ಬಿಡಿಸಿ ಹೇಳಿದೆ. ನನ್ನನ್ನು ಕೇಳದೆ ತೀರ್ಮಾನ ಮಾಡಿದ್ದು ಸರಿಯಲ್ಲ, ಪರೀಕ್ಷೆ ಮುಗಿದ ಮೇಲೆ ನೀನೂ ಬಾ, ನೀವೂ ರಜೆ ಹಾಕಿ ಅಂತ. ಸ್ವಲ್ಪ ಬಿಸಿಯಾಯಿತು. ಆದರೆ ಬಂದರು. ಚೀಲ ಎಷ್ಟೇ ಬಲವಾದ ಹಮಾಲನೂ ಒಬ್ಬನೇ ಬೆನ್ನಿಗೆ ಹಾಕಿಕೊಳ್ಳಲಾರ, ಎತ್ತಿ ಕೊಡೋಕೆ ಇಬ್ಬರು ಬೇಕು ಅಂತ ಅಪ್ಪ ಹೇಳುತ್ತಿದ್ದರು. ಇನ್ನೊಂದು ಮಾತೂ ಹೇಳುತ್ತಿದ್ದರು. ‘ಹೊತ್ತ ಮೇಲೆ ನಿಂತ್ಕಬಾರ್ದು. ನಿಂತ್ರೆ ಭಾರ. ನಡೀತಾ ಇದ್ರೆ ಕಾಲು ನೋಡ್ಕಂತೈತೆ.’

ಅತ್ತೆ ಬಿಟ್ಟಿದ್ದು

ಆಪರೇಷನ್ ಆಗಿ ನಾಲ್ಕನೇ ದಿನ ನರ್ಸ್ ನನ್ನನ್ನು ಪಕ್ಕಕ್ಕೆ ಕರೆದರು. ನಿಮ್ಮತ್ತೆ ನೀರು ಕುಡೀತಿಲ್ಲ, ನಾಲಿಗೆ ಒಣಗಿದೆ ನೋಡಿ ಅಂದರು. ನಾನು ಬೆಳಿಗ್ಗೆ ತುಂಬಿಸಿಟ್ಟ ಬಾಟಲಿ ಹಾಗೇ ಇತ್ತು. ಕುಡಿದೆ ಕುಡಿದೆ ಅನ್ನುತ್ತಾ ಅವರು ನನಗೆ ಸುಳ್ಳು ಹೇಳಿದ್ದರು. ಯಾಕೆ ಅಂತ ಸಿಟ್ಟಿನಲ್ಲೇ ಕೇಳಿದೆ. ಮುಖ ಗೋಡೆ ಕಡೆ ತಿರುಗಿಸಿ ಸಣ್ಣ ದನಿಯಲ್ಲಿ ಅಂದರು: ‘ಕುಡಿದ್ರೆ ನಿನ್ನನ್ನ ಎಬ್ಬಿಸಬೇಕಾಗ್ತದಲ್ಲೇ.’

ಬೆಡ್‌ಪ್ಯಾನ್ ಇಡಲು ನನ್ನನ್ನು ಕರೆಯಬೇಕಾಗುತ್ತದೆ ಅಂತ ಅವರು ನೀರು ಬಿಟ್ಟಿದ್ದರು. ನಾನು ಬಿಟ್ಟದ್ದನ್ನು ಡೈರಿಯಲ್ಲಿ ಬರೆದುಕೊಂಡಿದ್ದೆ. ಅವರು ಬಿಟ್ಟದ್ದನ್ನು ಬಚ್ಚಿಟ್ಟಿದ್ದರು. ಅಂದು ರಾತ್ರಿ ಲೋಟ ಹಿಡಿದು ಪಕ್ಕದಲ್ಲೇ ಕೂತೆ. ಒಂದು ಗುಟುಕು, ಆಮೇಲೆ ಇನ್ನೊಂದು ಗುಟುಕು. ಅವರ ಗಂಟಲಲ್ಲಿ ನೀರು ಇಳಿಯುವ ಸದ್ದು ಕೇಳುತ್ತಿತ್ತು. ತುಟಿಯ ಅಂಚಿನಿಂದ ಜಾರಿದ್ದನ್ನು ಸೆರಗಿನಿಂದ ಒರೆಸಿದೆ. ಹದಿನಾರು ವರ್ಷ ಒಂದೇ ಮನೆಯಲ್ಲಿ ಇದ್ದವರ ಮುಖವನ್ನು ನಾನು ಅಷ್ಟು ಹತ್ತಿರದಿಂದ ನೋಡಿದ್ದು ಅದೇ ಮೊದಲು.

ಐದನೇ ಸ್ಥಳದ ಚಿತ್ರದಲ್ಲಿ ಇಬ್ಬರಿದ್ದಾರೆ. ಚಿಕ್ಕಂದಿನಿಂದ ನಾನು ಸೀಮೋನನನ್ನೇ ನೋಡುತ್ತಾ ಬಂದಿದ್ದೆ, ಅಪ್ಪನ ಪ್ರಶ್ನೆಯಿಂದಾಗಿ. ವಾರ್ಡಿನಲ್ಲೂ ನಾನೇ ಸೀಮೋನ, ನನ್ನನ್ನೇ ಬಿಟ್ಟಿ ಹಿಡಿದರು ಎಂದುಕೊಂಡಿದ್ದೆ. ಮುಂದೆ ಹೋಗುತ್ತಿರುವವನನ್ನು ನೋಡಿರಲೇ ಇಲ್ಲ. ಅವನ ಕೈಲಿ ಇನ್ನು ಆಗುತ್ತಿಲ್ಲ. ತನ್ನ ಭಾರವನ್ನು ದಾರಿಹೋಕನ ಮೇಲೆ ಹೊರಿಸಿದ್ದನ್ನು ಅವನು ನಿಂತು ನೋಡಬೇಕು. ಇನ್ನೊಬ್ಬರಿಗೆ ತೊಂದರೆಯಾಗುವಂಥ ದೇಹದಲ್ಲಿ ಅವನು ಇದ್ದಾನೆ. ಐದು ಸಾವಿರ ಜನರಿಗೆ ಊಟ ಹಾಕಿದವನಿಗೆ ಆ ಗಳಿಗೆ ಹೇಗನ್ನಿಸಿರಬೇಕು? ಯೇಸುಸ್ವಾಮಿ ನಮ್ಮ ಹಾಗೇ ಮನುಷ್ಯನಾದ ಎಂದು ವಿಶ್ವಾಸಪ್ರಮಾಣದಲ್ಲಿ ವಾರವಾರವೂ ಹೇಳುತ್ತೇನೆ. ಮನುಷ್ಯನಾಗುವುದು ಅಂದರೆ ಒಬ್ಬರ ಕೈಗೆ ಬೀಳುವುದೂ ಹೌದು ಅಂತ ಅತ್ತೆಯ ಒಣಗಿದ ನಾಲಿಗೆ ನೋಡಿದ ಮೇಲೆ ಗೊತ್ತಾಯಿತು.

ಆ ತಪಸ್ಸುಕಾಲ ಇನ್ನೊಬ್ಬರು ಆಸ್ಪತ್ರೆಯಲ್ಲಿದ್ದರು. ಪೋಪ್ ಫ್ರಾನ್ಸಿಸ್ ಫೆಬ್ರವರಿ 14ಕ್ಕೆ ರೋಮಿನ ಆಸ್ಪತ್ರೆ ಸೇರಿ, 38 ದಿನ ಇದ್ದು, ಮಾರ್ಚ್ 23ಕ್ಕೆ ಹೊರಗೆ ಬಂದರು. ಎರಡೂ ಶ್ವಾಸಕೋಶಕ್ಕೆ ನ್ಯುಮೋನಿಯಾ. ಅತ್ತೆ ದಿನಾ ಬೆಳಿಗ್ಗೆ ‘ಪೋಪ್ ಹೆಂಗವ್ರಂತೆ?’ ಎಂದು ಕೇಳುತ್ತಿದ್ದರು. ನಾನು ಮೊಬೈಲಿನಲ್ಲಿ ನೋಡಿ ಹೇಳಬೇಕು. ಅವರು ಹೊರಗೆ ಬಂದ ಎರಡು ದಿನಕ್ಕೆ ನಮ್ಮದೂ ಡಿಸ್ಚಾರ್ಜ್ ಆಯಿತು. ಮನೆಗೆ ಬಂದ ಮೇಲೆ ಅತ್ತೆ ವಾಕರ್ ಮುಟ್ಟಲಿಲ್ಲ, ವೀಲ್‌ಚೇರಿನಲ್ಲಿ ಅಂಗಳಕ್ಕೂ ಬರಲಿಲ್ಲ. ಹರಿಹರಕ್ಕೆ ನಡೆದುಕೊಂಡು ಹೋದವಳನ್ನು ಬೀದಿಯವರು ಹೀಗೆ ನೋಡಬಾರದು ಅಂತ.

ಈಸ್ಟರ್ ಹಿಂದಿನ ಪವಿತ್ರ ವಾರ ಬಂತು. ನನಗೆ ಗರಿಗಳ ಭಾನುವಾರ ತಪ್ಪಿತು. ಗುರುವಾರದ ಪಾದ ತೊಳೆಯುವ ಪೂಜೆಯೂ ತಪ್ಪಿತು. ಶುಭ ಶುಕ್ರವಾರ ಪಕ್ಕದ ಮನೆಯವರು ಚರ್ಚಿನಿಂದ ಇಬ್ಬರಿಗೂ ಗಂಜಿ ತಂದುಕೊಟ್ಟರು. ಈಸ್ಟರ್ ದಿನ ಮಧ್ಯಾಹ್ನ ಟೀವಿಯಲ್ಲಿ ರೋಮ್ ತೋರಿಸಿದರು. ಪೋಪ್ ಅವರನ್ನು ವೀಲ್‌ಚೇರಿನಲ್ಲಿ ತಳ್ಳಿಕೊಂಡು ಬಾಲ್ಕನಿಗೆ ಕರೆತಂದರು. ದನಿ ಹೊರಡುತ್ತಿರಲಿಲ್ಲ. ಎರಡು ಮಾತಿನಲ್ಲಿ ಈಸ್ಟರ್ ಶುಭಾಶಯ ಹೇಳಿ, ಉಳಿದದ್ದನ್ನು ಇನ್ನೊಬ್ಬರ ಕೈಲಿ ಓದಿಸಿದರು. ಮಾರನೇ ದಿನ, ಏಪ್ರಿಲ್ 21ರಂದು, ತೀರಿಕೊಂಡ ಸುದ್ದಿ ಬಂತು. 88 ವರ್ಷ. ಅತ್ತೆ ಅತ್ತರು. ಆಮೇಲೆ ಬಹಳ ಹೊತ್ತು ಸುಮ್ನೆ ಇದ್ದು ಹೇಳಿದರು: ‘ಅಷ್ಟು ದೊಡ್ಡವರು, ಅಷ್ಟು ಜನದ ಮುಂದೆ, ಒಬ್ಬರ ಕೈಲಿ ತಳ್ಳಿಸ್ಕೊಂಡು ಬಂದ್ರಲ್ಲೇ.’ ಮಂಗಳವಾರ ಸಂಜೆ ಬಿಸಿಲು ಇಳಿದ ಮೇಲೆ ಅವರೇ ಕರೆದರು. ಅಂಗಳಕ್ಕೆ ಕರಕೊಂಡು ಹೋಗು ಅಂದರು. ಗೇಟಿನವರೆಗೂ ತಳ್ಳಿಕೊಂಡು ಹೋದೆ. ಎದುರು ಮನೆಯವರು ಬಂದು ಮಾತಾಡಿಸಿದರು. ಅತ್ತೆ ತಲೆ ತಗ್ಗಿಸಲಿಲ್ಲ.

ಮಾರ್ಕ ಸೀಮೋನನನ್ನು ಅಲೆಕ್ಸಾಂಡರ್ ಮತ್ತು ರೂಫನ ಅಪ್ಪ ಎಂದು ಕರೆಯುತ್ತಾನೆ. ಓದುವವರಿಗೆ ಆ ಮಕ್ಕಳು ಗೊತ್ತಿದ್ದವರ ಹಾಗೆ. ಯೇಸುವಿನ ಸಂದೇಶ ಸಾರಿದ ಪೌಲ ರೋಮಿನವರಿಗೆ ಬರೆದ ಪತ್ರದ ಕೊನೆಯಲ್ಲಿ ಒಬ್ಬ ರೂಫನಿಗೆ ವಂದನೆ ಹೇಳುತ್ತಾ, ಅವನ ತಾಯಿ ನನಗೂ ತಾಯಿ ಎನ್ನುತ್ತಾನೆ. ಇವನೇ ಅವನು ಎಂದು ನಂಬುವವರು ಬಹಳ ಜನ. ನಾನೂ ನಂಬುತ್ತೇನೆ. ಹೊಲದಿಂದ ಬಂದವನು ಆ ಸಂಜೆ ಮನೆಗೆ ಹೋಗಿ ಹೆಂಡತಿಗೆ ಏನಾದರೂ ಹೇಳಿರಲೇಬೇಕು, ಅಲ್ವಾ? ಅಪ್ಪ ಇದ್ದಿದ್ದರೆ ಅವರ ಹಮಾಲಿ ಪ್ರಶ್ನೆಗೆ ಇದನ್ನು ಹೇಳುತ್ತಿದ್ದೆ. ಅವರು ಒಪ್ಪುತ್ತಿದ್ದರೋ ಇಲ್ಲವೋ. ಕೂಲಿಯ ವಿಷಯದಲ್ಲಿ ಅವರು ಸುಲಭಕ್ಕೆ ಒಪ್ಪುವವರಲ್ಲ.

ಈ ವರ್ಷ ಬೂದಿ ಬುಧವಾರ ಫೆಬ್ರವರಿ 18ಕ್ಕೇ ಬಂತು. ನಾನು ಟೀ ಬಿಟ್ಟಿಲ್ಲ. ಸಂಜೆ ಅತ್ತೆಗೂ ನನಗೂ ಒಟ್ಟಿಗೆ ಮಾಡುತ್ತೇನೆ, ಇಬ್ಬರೂ ಕೂತು ಕುಡಿಯುತ್ತೇವೆ. ಅವರು ಈಗ ಕೋಲು ಹಿಡಿದು ನಡೆಯುತ್ತಾರೆ. ಕಳೆದ ಶುಕ್ರವಾರ ಶಿಲುಬೆಹಾದಿಗೆ ಬರುತ್ತೇನೆ ಅಂದರು. ಆಟೋದಲ್ಲಿ ಹೋದೆವು. ಐದನೇ ಸ್ಥಳಕ್ಕೆ ಬರುವಷ್ಟರಲ್ಲಿ ಅವರಿಗೆ ಏದುಸಿರು. ಎಲ್ಲರೂ ಮಂಡಿಯೂರಿದರು. ಅತ್ತೆಗೆ ಮಂಡಿಯೂರಲು ಆಗುವುದಿಲ್ಲ, ಹಾಗಾಗಿ ನಾನೂ ನಿಂತೇ ಇದ್ದೆ. ಅವರು ಕೋಲನ್ನು ಎಡಗೈಗೆ ಬದಲಾಯಿಸಿ, ಬಲಗೈಯನ್ನು ನನ್ನ ಹೆಗಲ ಮೇಲೆ, ಕುತ್ತಿಗೆ ಹತ್ತಿರ ಊರಿದರು. ಇಡೀ ಮೈಯ ತೂಕ ಅಲ್ಲಿಗೆ ಬಂತು.

‘ಭಾರ ಆಯ್ತೇನೆ?’ ಅಂತ ಪಿಸುಗುಟ್ಟಿದರು.

‘ನಿಂತರೆ ಭಾರ ಅತ್ತೆ. ನಡೀರಿ’ ಅಂದೆ. ಆರನೇ ಸ್ಥಳದ ಕಡೆ ಹೊರಟೆವು.